ಎಲ್ಲರ ಫೋಲ್ಡರಿಗೆ ಸುರಿದದ್ದು

ಅವಳು ಕೆಲಸಕ್ಕಿದ್ದದ್ದು ಅಕ್ಕನ ಗಂಡನ ಕಂಪನಿಯಲ್ಲಿ. ಭಾವನ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಬೆನ್ನ ಹಿಂದೆ ‘ಅಡ್ಡಗೋಡೆ’ ಎನ್ನುತ್ತಿದ್ದರು. ಆಸ್ಪತ್ರೆಗಳ ರಕ್ತಪರೀಕ್ಷೆಯ ಸಾಫ್ಟ್‌ವೇರನ್ನು ಪ್ಯಾಕೇಜ್ ಮಾಡಿ, ಅಂದರೆ ಅದರ ಫೈಲುಗಳನ್ನೆಲ್ಲ ಒಂದು ಕಟ್ಟಾಗಿ ಜೋಡಿಸಿ, ಕಳಿಸುವುದು ಅವಳ ಕೆಲಸ. ಯಾವ ಕಂಪ್ಯೂಟರಾದರೂ ಓದಬಲ್ಲ ಚಿತ್ರ, ಫಾರಂ, ಪದಪಟ್ಟಿಗಳು ಎಲ್ಲರಿಗೂ ಸೇರಿದ ಫೋಲ್ಡರಿಗೆ. ಒಂದು ಜಾತಿಯ ಪ್ರೊಸೆಸರಿಗೆಂದೇ ತಯಾರಾದ ಫೈಲುಗಳು ಆ ಜಾತಿಯದೇ ಫೋಲ್ಡರಿಗೆ. ಇದರಲ್ಲಿ ಅವಳು ಕೂದಲೆಳೆಯಷ್ಟೂ ಸಡಿಲ ಬಿಟ್ಟವಳಲ್ಲ.

ಒಂದು ದೊಡ್ಡ ಆಸ್ಪತ್ರೆ ಹೊಸ ಜಾತಿಯ ಪ್ರೊಸೆಸರಿನ ನಾಲ್ಕು ಕಂಪ್ಯೂಟರು ತರಿಸಿತು. ಹಳೆಯ ಒಂಬತ್ತೂ ಹಾಗೇ ಇದ್ದವು. ಭಾವನಿಗೆ ಅವಸರ.

“ಎಲ್ಲಾ ಶೇರ್ಡ್ ಫೋಲ್ಡರಿಗೇ ಸುರಿ. ಒಂದ್ಸಲ ಹಾಕಿದ್ರೆ ಹದಿಮೂರಕ್ಕೂ ಆಯ್ತು.”

“ಭಾವ, ಎರಡು ಜಾತಿಗೂ ಫೈಲಿನ ಹೆಸರು ಒಂದೇ. ಹೊಸದು ಹಳೇದರ ಮೇಲೆ ಕೂತ್ಬಿಡತ್ತೆ. ಹಳೇ ಕಂಪ್ಯೂಟರುಗಳು ಏಳೋದೇ ಇಲ್ಲ.”

“ನಿನ್ನ ಪುರಾಣ ಸಾಕು. ಹೇಳಿದಷ್ಟು ಮಾಡು.”

ತಾನು ಕೊಟ್ಟ ಎಚ್ಚರಿಕೆಯನ್ನೇ ಬರೆದು ಅವಳು ಭಾವನಿಗೆ ಮೇಲ್ ಕಳಿಸಿದಳು. “ನೋಡಿದೆ, ಮುಂದುವರಿ” ಎಂದು ಉತ್ತರ ಬಂತು. ಹಲ್ಲು ಕಚ್ಚಿಕೊಂಡು ಮಾಡಿದಳು.

ಸೋಮವಾರ ಬೆಳಿಗ್ಗೆ ಒಂಬತ್ತೂ ಕೈಕೊಟ್ಟವು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರ ಸಾಲು ಮೆಟ್ಟಿಲಿನವರೆಗೂ ಬೆಳೆಯಿತು. ಆಪರೇಷನ್ನಿಗೆ ಸಿದ್ಧವಾಗಿದ್ದ ಮುದುಕಿಯೊಬ್ಬಳನ್ನು, ವರದಿ ಬರಲಿಲ್ಲವೆಂದು, ವಾರ್ಡಿಗೆ ವಾಪಸ್ ತಳ್ಳಿಕೊಂಡು ಹೋದರು.

ಮಧ್ಯಾಹ್ನ ಇಬ್ಬರನ್ನೂ ಕರೆಸಿದ ಆಸ್ಪತ್ರೆಯ ಲ್ಯಾಬಿನ ಮುಖ್ಯಸ್ಥೆ “ಯಾರ ಕೆಲಸ ಇದು?” ಎಂದಳು.

ಭಾವ ಕಣ್ಣು ಮಿಟುಕಿಸದೆ, “ಪ್ಯಾಕೇಜ್ ಮಾಡಿದ್ದು ಇವಳು. ನಮ್ಮನೆ ಹುಡುಗಿ ಅಂತ ಕೆಲಸ ಕೊಟ್ಟೆ ನೋಡಿ, ನನ್ನದೇ ತಪ್ಪು” ಎಂದ.

ಅವಳು ಮೇಲ್ ತೋರಿಸಲೆಂದು ಫೋನು ತೆಗೆದಳು. ಅಕ್ಕನ ಮೆಸೇಜು ಬಂದು ಕೂತಿತ್ತು: “ಆ ಮೇಲ್ ತೋರಿಸ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ.” ಅಂದರೆ ಭಾವ ಮೊದಲೇ ಮನೆಗೆ ಫೋನು ಮಾಡಿ ದಾರಿ ಮಾಡಿಕೊಂಡಿದ್ದ! ಅವಳು ಫೋನನ್ನು ಬ್ಯಾಗಿಗೆ ತುರುಕಿ, “ಹೌದು, ನಾನೇ ಮಾಡಿದ್ದು” ಎಂದಳು.

ಸಂಜೆಯವರೆಗೆ ಅಲ್ಲೇ ಕೂತು ಫೈಲುಗಳನ್ನು ಬೇರೆ ಬೇರೆ ಫೋಲ್ಡರಿಗೆ ಹಾಕಿ ಒಂಬತ್ತನ್ನೂ ಎಬ್ಬಿಸಿದಳು. ಮರುದಿನ ಆಫೀಸಿನಲ್ಲಿ ಹೊಸ ನಿಯಮದ ಸುತ್ತೋಲೆ ಬಂತು: ಒಂದೊಂದು ಜಾತಿಯ ಫೈಲು ಅದರದೇ ಫೋಲ್ಡರಿಗೆ. ಕೆಳಗೆ ಭಾವನ ಸಹಿ. ಮಾತೆಲ್ಲ ಅವಳು ಭಾವನಿಗೆ ಕಳಿಸಿದ್ದ ಮೇಲ್ ಒಳಗಿನದೇ, ಅವಳ ಕಾಗುಣಿತದ ತಪ್ಪಿನ ಸಮೇತ. ಅವಳು ಅಂದೇ ರಾಜೀನಾಮೆ ಕೊಟ್ಟಳು.

“ಅಷ್ಟಕ್ಕೇ ಕೆಲಸ ಬಿಡ್ತಾರೇನೇ?” ಅಕ್ಕ ಫೋನಿನಲ್ಲಿ ಅತ್ತಳು.

ಅವಳು ಫೋನಿಟ್ಟು ಬೇರೆ ಕಡೆ ಅರ್ಜಿ ಬರೆಯಲು ಕೂತಳು.

ಆಮೇಲೆ ಅವಳು ಕೆಲಸ ಕೇಳಿದ ಮೂರು ಕಡೆಯವರೂ ಭಾವನಿಗೆ ಫೋನು ಮಾಡಿ ವಿಚಾರಿಸಿದರು. ಮೂವರಿಗೂ ಅವನು ಒಂದೇ ಮಾತು ಹೇಳಿದ: “ಹುಡುಗಿ ಒಳ್ಳೆಯವಳೇ. ಅವಳ ಕೆಲಸದ ಮೇಲೆ ಸ್ವಲ್ಪ ಕಣ್ಣಿಟ್ಟಿರಬೇಕು, ಅಷ್ಟೇ.”