ಎಮ್ಮೆಯ ಬಲಮಗ್ಗುಲು

ಎಮ್ಮೆ ಮಾರುವಾಗ ನಾನು ಏನನ್ನೂ ಮುಚ್ಚಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ನನ್ನ ಮೇಲೆ ಗೂಬೆ ಕೂರಿಸೋದು ಬೇಡ. ಕೊಳ್ಳೋಕೆ ಬಂದ ಟೈಲರನ್ನು ಸ್ಟೂಲ್ ಹಾಕಿ ಕೂರಿಸಿ, ಅದರ ದುರ್ಗುಣಗಳನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದೆ. ಛತ್ರಿ ಕಂಡರೆ ಆಗಲ್ಲ. ಒಣಹಾಕಿದ ಬಟ್ಟೆ ಸಿಕ್ಕಿದರೆ ಅಗಿದು ಹಾಕುತ್ತೆ. ನೀನು ನೋಡಿದರೆ ಟೈಲರ್, ಯೋಚನೆ ಮಾಡಪ್ಪ. ಮುನಿಸಿಕೊಂಡರೆ ನೀರಿನ ತೊಟ್ಟಿ ಮಗುಚುತ್ತೆ. ಅದಕ್ಕೇ ನಾವು ಅದನ್ನು ಮೇಡಂ ಅಂತ ಕರೆಯೋದು. ಇಷ್ಟೆಲ್ಲ ಹೇಳಿ ಹೆಣ್ಣು ಕೊಟ್ಟವರೂ ಇರಲಿಕ್ಕಿಲ್ಲ.

ಅವನು ಎಲ್ಲದಕ್ಕೂ ತಲೆಯಾಡಿಸಿ ಕೊನೆಗೆ, "ಒದೆಯುತ್ತಾ ಅಕ್ಕ?" ಅಂದ.

"ನಮ್ಮನೇಲೇ ಹುಟ್ಟಿ ಬೆಳೆದದ್ದು. ಒಂದು ದಿನ ಕಾಲೆತ್ತಿಲ್ಲ," ಅಂದೆ. ಅದೂ ನಿಜವೇ.

ಮಾರೋದಕ್ಕೆ ನನಗೇನು ಹುಚ್ಚೇ? ನಮ್ಮ ಮನೆಯವರು ಗಾರೆ ಮೇಸ್ತ್ರಿ. ಸಾರವೆ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಇತ್ತ ಅವರನ್ನು ನೋಡಲೋ, ಅತ್ತ ಎಮ್ಮೆಯನ್ನು ನೋಡಲೋ? ಇಬ್ಬರಲ್ಲಿ ಒಬ್ಬರನ್ನು ಮಾರಲೇಬೇಕಿತ್ತು, ಎಮ್ಮೆಗೆ ಗಿರಾಕಿ ಇತ್ತು. ಮೇಡಂನ ತಾಯಿ ಸತ್ತಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವರು ಇವರೇ. ಟೈಲರ್ ಹಗ್ಗ ಹಿಡಿದು ಹೊರಟಾಗ ಮುಖ ಆ ಕಡೆ ತಿರುಗಿಸಿಕೊಂಡರು.

ಅದೇ ದಿನ, ಇವರ ಆರೈಕೆಗೆ ಸಲೀಸಾಗಲಿ ಅಂತ ಗೋಡೆ ಪಕ್ಕದಲ್ಲಿದ್ದ ಮಂಚವನ್ನು ಎಳೆದು ಪಡಸಾಲೆಯ ನಟ್ಟನಡುವೆ, ಫ್ಯಾನಿನ ಕೆಳಗೆ ಹಾಕಿಸಿದ್ದೆ. ಎರಡೂ ಕಡೆಯಿಂದ ಓಡಾಡಬಹುದು, ಈ ಕಡೆಯಿಂದ ಊಟ, ಆ ಕಡೆಯಿಂದ ಎಣ್ಣೆ ಉಜ್ಜೋದು. "ಮಂಚ ಅಲ್ಲೇ ಇರ್ಲಿ ಬಿಡೇ," ಅಂದಿದ್ದರು. "ನಿಮಗೇನು ಗೊತ್ತು, ಸುಮ್ನಿರಿ," ಅಂದಿದ್ದೆ. ಆವತ್ತಿನಿಂದ ಮನುಷ್ಯನಿಗೆ ನಿದ್ದೆ ಇಲ್ಲ, ಮೂಗಿನ ತುದೀಲಿ ಕೋಪ. ಹಿಂದಿನಿಂದ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬಿದ್ದು ಕೈ ಬೀಸೋರು. ಒಂದು ಸಲ ಕಾಫಿ ಲೋಟ ಹೋಗಿ ಕಿಟಕಿಗೆ ಬಡಿಯಿತು. ಎಮ್ಮೆ ಹೋದ ಸಂಕಟ, ಹೋಗ್ಲಿ ಪಾಪ ಅಂತ ನಾನೂ ನುಂಗಿಕೊಂಡೆ. ಪೂರ್ತಿ ನುಂಗಲಿಲ್ಲ, ಒಂದಷ್ಟು ಬೈದೆ.

ಆಮೇಲಿನ ವಾರ ಟೈಲರ್ ಬಾಗಿಲಿಗೆ ಬಂದ. ಬಲಗೈಗೆ ಮೊಣಕೈವರೆಗೆ ಹಿಟ್ಟಿನ ಹಾಗೆ ಬೆಳ್ಳಗೆ ಪಟ್ಟಿ.

"ಏನಪ್ಪ ಇದು?"

"ನಿಮ್ಮ ಮೇಡಂ," ಅಂದ.

"ನಮ್ಮನೇಲಿ ಒದ್ದಿದ್ದೇ ಇಲ್ಲ," ಅಂದೆ.

"ಹಾಗಾದ್ರೆ ನಾನೇ ನನ್ನ ಕೈ ಒದ್ಕೊಂಡೆ ಅನ್ನಿ. ಶಾಲೆ ಮಕ್ಕಳ ಯೂನಿಫಾರಂ ರಾಶಿ ಬಿದ್ದಿದೆ, ಕತ್ತರಿ ಹಿಡಿಯೋಕಾಗಲ್ಲ. ಹಾಲು ಕರೆಯೋಕೆ ಯಾರೂ ಹತ್ತಿರ ಹೋಗ್ತಿಲ್ಲ, ಕೆಚ್ಚಲು ಬಿಗಿದು ಅರಚ್ತಾ ನಿಂತಿದೆ. ವಾಪಸ್ ಕರ್ಕೊಂಡು ಹೋಗಿ ಅಕ್ಕ. ಇಲ್ಲಾಂದ್ರೆ ಭಾನುವಾರ ಕಟುಕ ಬರ್ತಾನೆ, ಮಾತಾಡಿ ಆಗಿದೆ."

ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಒಳಗೆ ಮಲಗಿದ್ದವರ ಕಿವಿಗೆ ಕಟುಕ ಅನ್ನೋ ಮಾತು ಬಿದ್ದರೆ ಮುಗೀತು, ಸೊಂಟ ಕೂಡಿದರೂ ಅವರು ಏಳೋದಿಲ್ಲ. ವಾಪಸ್ ತಂದುಕೊಂಡರೆ ನೋಡಿಕೊಳ್ಳೋರು ಯಾರು? ಮಾರಿದ ಮೇಲೆ ಮುಗೀತು, ಇನ್ನು ನಿನ್ನ ಪಾಡು ಅಂತ ಹೇಳೋಕೆ ಬಾಯಿ ತೆರೆದೆ. ಆ ಕೈ ನೋಡಿ ಬಾಯಿ ಮುಚ್ಚಿಕೊಂಡೆ. ನನಗೆ ಇದು ಅಪರೂಪ.

"ನಡಿ, ನೋಡ್ತೀನಿ," ಅಂದೆ.

ಅವನ ಅಂಗಡಿ ಹಿಂದೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ ಶೆಡ್ಡು. ಗೋಡೆ ಗೀಡೆ ಏನೂ ಇಲ್ಲ. ಮೇಡಂ ನನ್ನ ಧ್ವನಿ ಕೇಳಿ ಕಿವಿ ತಿರುಗಿಸಿತು. ಎಂದಿನ ಹಾಗೆ ಎಡಗಡೆ ಕೂತು ಕೆಚ್ಚಲಿಗೆ ಕೈ ಹಾಕಿದೆ. ಬಕೆಟ್ ತುಂಬ ನೊರೆಹಾಲು ಕರೆದೆ, ಪುಣ್ಯಾತ್ಗಿತ್ತಿ ಒಂದು ಗೊರಸು ಅಲುಗಿಸಲಿಲ್ಲ.

"ನೋಡಿದ್ಯಾ?" ಅಂದೆ ಟೈಲರಿಗೆ. ನನ್ನ ಮುಖದಲ್ಲಿ ಎಷ್ಟು ಗೆಲುವಿತ್ತು ಅಂದರೆ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಅಷ್ಟರಲ್ಲಿ ಅವನ ಹೆಂಡತಿ ಬಕೆಟ್ ಎತ್ತಿಕೊಳ್ಳೋಣ ಅಂತ ಆ ಕಡೆಯಿಂದ, ಬಲಗಡೆಯಿಂದ, ಬಗ್ಗಿದಳು. ಗೊರಸು ಅವಳ ಕಿವಿ ಪಕ್ಕದಲ್ಲೇ ಸುಂಯ್ ಅಂತ ಹೋಯ್ತು. ಬಕೆಟ್ ಹಾರಿ ಕಂಬಕ್ಕೆ ಬಡಿದು, ಹಾಲೆಲ್ಲ ನನ್ನ ಸೀರೆ ಮೇಲೆ. ಮೇಡಂ ಗಡಗಡ ನಡುಗುತ್ತಾ ನಿಂತಿತ್ತು. ಕೊಬ್ಬಿದ ಪ್ರಾಣಿ ಹಾಗೆ ನಡುಗೋದಿಲ್ಲ. ಅದಕ್ಕೆ ಹೆದರಿಕೆಯಾಗಿತ್ತು.

"ನೀನು ಯಾವ ಕಡೆ ಕೂತಿದ್ದೆ?" ಅಂತ ಟೈಲರನ್ನು ಕೇಳಿದೆ.

"ಬಲಗಡೆ. ಬೆಳಕು ಆ ಕಡೆಯಿಂದ ಬರುತ್ತಲ್ಲ," ಅಂದ. ಬೆಳಕು ಬಿಟ್ಟು ಕೂರೋ ಟೈಲರ್ ಎಲ್ಲಿದ್ದಾನೆ?

ಮನೆಗೆ ಬಂದವಳು ಸೀರೆ ಬದಲಾಯಿಸೋಕೂ ಮುಂಚೆ ಇವರ ಮುಂದೆ ನಿಂತೆ. "ರೀ, ಮೇಡಂ ಬಲಗಡೆಯಿಂದ ಹೋದರೆ ಒದೆಯುತ್ತಾ?"

"ಬಲಗಡೆಯಿಂದ ಯಾಕೆ ಹೋಗ್ತೀಯ? ಅಲ್ಲಿ ಗೋಡೆ ಇದೆಯಲ್ಲ."

"ಅವರ ಮನೇಲಿ ಗೋಡೆ ಇಲ್ಲ."

ಇವರು ಸೂರು ನೋಡಿದರು. ಕರು ಆಗಿದ್ದಾಗಿನಿಂದ ಅದನ್ನು ಕಟ್ಟಿದ್ದು ಕೊಟ್ಟಿಗೆಯ ಗೋಡೆಗೆ ಒತ್ತಿಕೊಂಡ ಗೂಟಕ್ಕೆ. ಆ ಮಗ್ಗುಲನ್ನು ಮುಟ್ಟಿದ್ದು ಗೋಡೆ ಮಾತ್ರ, ಮನುಷ್ಯರ ಕೈ ಅಲ್ಲಿಗೆ ಹೋಗಿಯೇ ಇರಲಿಲ್ಲ. ಛತ್ರಿ ಹೇಳಿದೆ, ಬಟ್ಟೆ ಹೇಳಿದೆ, ತೊಟ್ಟಿ ಹೇಳಿದೆ. ಗೋಡೆ ವಿಷಯ ಹೇಳೋಕೆ ನನಗೇ ಗೊತ್ತಿರಬೇಕಲ್ಲ!

"ಯಾರಿಗಾದ್ರೂ ಏಟಾಯ್ತಾ?" ಅಂದರು.

ಎಲ್ಲ ಹೇಳಿಬಿಟ್ಟೆ. ಕಟುಕನನ್ನೂ ಹೇಳಿದೆ. ನನ್ನ ಬಾಯಿಗೆ ಬೀಗ ಹಾಕೋದು ನನ್ನ ಕೈಲೇ ಆಗಲ್ಲ. ಇವರು ಅಳ್ತಾರೆ ಅಂದುಕೊಂಡೆ, ಆದರೆ ಕೇಳಿದ್ದು, "ನನ್ನ ಕರಣೆ ಎಲ್ಲಿಟ್ಟಿದ್ದೀಯ?"

"ಗಾರೆ ಮೆತ್ತೋ ಕರಣೆ ಈಗ ಯಾಕ್ರೀ?"

"ಎಮ್ಮೆ ಕೊಟ್ಟು ಗೋಡೆ ನಾವೇ ಇಟ್ಕೊಂಡ್ರೆ ಹೇಗೆ? ಅದು ಜೊತೆಗೆ ಬರೋ ಸಾಮಾನು."

ಶನಿವಾರ ಗೂಡ್ಸ್ ಗಾಡಿಯವನನ್ನು ಕರೆಸಿದೆ. ಅವನೂ ನಾನೂ ಸೇರಿ ಕೊಟ್ಟಿಗೆ ಗೋಡೆ ಕೆಡವಿ ಇಟ್ಟಿಗೆ ತುಂಬಿದೆವು. ಇಟ್ಟಿಗೆ ಮೇಲೆ ಹಾಸಿಗೆ, ಹಾಸಿಗೆ ಮೇಲೆ ನಮ್ಮ ಮನೆಯವರು, ಎದೆ ಮೇಲೆ ಕರಣೆ ಮತ್ತು ತೂಗುಗುಂಡು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತರು. "ಎಲ್ಲಿಗೆ?" ಅಂತ ಕೇಳಿದವರಿಗೆ, "ಎಮ್ಮೆ ಮಾರಿದ್ವಲ್ಲ, ಬಾಕಿ ತಲುಪಿಸೋಕೆ," ಅಂದೆ.

ಟೈಲರ್ ತಕರಾರು ತೆಗೆದ. "ಗೋಡೆ ಎದ್ರೆ ನನ್ನ ಬೆಳಕು ಹೋಗುತ್ತೆ ಮೇಸ್ತ್ರಿ. ಒಂದು ಕಿಟಕಿ ಬಿಡಿ."

"ಕಿಟಕಿ ಬಿಟ್ರೆ ಅಲ್ಲಿಂದ ಯಾರಾದ್ರೂ ಕೈ ಹಾಕ್ತಾರೆ. ಎಮ್ಮೆ ಎತ್ತರಕ್ಕೆ ಗೋಡೆ, ಅದರ ಮೇಲಿಂದ ನಿನ್ನ ಬೆಳಕು," ಅಂದರು ಇವರು. ಬಿದ್ದ ಮೇಲೆ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ದಿಂಬಿಗೆ ಒರಗಿ ಕೂತು ಕೈಗೆಟುಕುವಷ್ಟು ಇಟ್ಟಿಗೆ ವರಸೆಗಳನ್ನು ತಾವೇ ಕಟ್ಟಿದರು. ಮೇಲಿನದನ್ನು ಗಾಡಿಯವನಿಂದ ಕಟ್ಟಿಸಿ, ಪ್ರತಿ ಇಟ್ಟಿಗೆಗೂ ಬೈದರು. ಟೈಲರ್ ಎಡಗೈಯಲ್ಲಿ ಇಟ್ಟಿಗೆ ಕೊಟ್ಟ. ಅವನ ಹೆಂಡತಿ ಗಾರೆ ಕಲಸಿದಳು. ನಾನು ಎಲ್ಲರಿಗೂ ಬುದ್ಧಿ ಹೇಳಿದೆ.

ರಾತ್ರಿ ಅಲ್ಲೇ ಉಳಿದು, ಭಾನುವಾರ ಬೆಳಿಗ್ಗೆ ಮೇಡಂ ಅನ್ನು ಹೊಸ ಗೋಡೆ ಪಕ್ಕ ಕಟ್ಟಿದೆವು. ಇಟ್ಟಿಗೆ ಮೂಸಿತು. ಬಲಮಗ್ಗುಲನ್ನು ಮೆಲ್ಲಗೆ ಒತ್ತಿ ನಿಂತು ಒಂದು ಉದ್ದ ಉಸಿರು ಬಿಟ್ಟಿತು. ಟೈಲರ ಹೆಂಡತಿ ಎಡಗಡೆ ಕೂತು ಕೆಚ್ಚಲಿಗೆ ಕೈ ಹಾಕಿದಳು. ಹಾಲು ಸರಸರ ಬಂತು. ಕಟುಕ ಬಂದಾಗ ಟೈಲರ್ ಅವನಿಗೊಂದು ಷರ್ಟಿನ ಅಳತೆ ತೆಗೆದುಕೊಂಡು ಕಳಿಸಿಬಿಟ್ಟ.

"ಇನ್ನೇನಾದ್ರೂ ಹೇಳೋದು ಬಿಟ್ಟಿದ್ದೀರಾ ಅಕ್ಕ?" ಅಂದ ಟೈಲರ್, ನಾವು ಹೊರಡುವಾಗ.

"ಬಿಟ್ಟಿದ್ರೆ ನಿನಗೇ ಮೊದಲು ಗೊತ್ತಾಗುತ್ತೆ. ಆಗ ಬಂದು ಹೇಳು, ಬರ್ತೀನಿ," ಅಂದೆ.

ಮಧ್ಯಾಹ್ನ ಮನೆಗೆ ಬಂದೆವು. ಗಾಡಿಯವನು ಇವರನ್ನು ಮಂಚದ ಮೇಲೆ ಮಲಗಿಸಿ ಹೋದ. ದಣಿದಿದ್ದಾರೆ, ಇವತ್ತಾದರೂ ನಿದ್ದೆ ಬರುತ್ತೆ ಅಂದುಕೊಂಡು ಹೊದಿಕೆ ಹೊದಿಸೋಕೆ ಹಿಂದಿನಿಂದ ಹೋದೆ. ಬೆಚ್ಚಿಬಿದ್ದು ಕೈ ಬೀಸಿದರು. ನನ್ನ ಮೂಗಿಗೆ ಬಿತ್ತು.

ಬೈಯೋಕೆ ಎಲ್ಲ ರೆಡಿಯಾಗಿತ್ತು, ಬಾಯಿತನಕ ಬಂದಿತ್ತು. ಅಷ್ಟರಲ್ಲಿ ಮಂಚ ನೋಡಿದೆ. ಪಡಸಾಲೆಯ ನಟ್ಟನಡುವೆ ನಾಲ್ಕು ಕಾಲು, ಸುತ್ತ ಬಯಲು. ಥೇಟ್ ಟೈಲರ ಶೆಡ್ಡು. ಮದುವೆಯಾದಾಗಿನಿಂದ ಈ ಮನುಷ್ಯ ಗೋಡೆಗೆ ಅಂಟಿಕೊಂಡು ಮಲಗಿದ್ದನ್ನೇ ನಾನು ನೋಡಿದ್ದು. "ಅಲ್ಲೇ ಇರ್ಲಿ ಬಿಡೇ," ಅಂತ ಬಾಯಿಬಿಟ್ಟೂ ಹೇಳಿದ್ದರು. ಎಮ್ಮೆಗಾದರೆ ಬಾಯಿಲ್ಲ.

ಅಯ್ಯೋ ನನ್ನ ತಲೆಗಿಷ್ಟು ಬೆಂಕಿ ಹಾಕ. ನಿಂತಲ್ಲೇ ಅಳು ಬಂತು. ಸೆರಗಲ್ಲಿ ಮೂಗು ಒರೆಸಿಕೊಂಡು ಮಂಚಕ್ಕೆ ಹೆಗಲು ಕೊಟ್ಟು ನೂಕಿದೆ.

"ಏನು ಮಾಡ್ತಿದ್ದೀಯೇ?"

"ಕಸ ಗುಡಿಸ್ತಿದ್ದೀನಿ, ಸುಮ್ನಿರಿ."

ಮಂಚ ಗೋಡೆಗೆ ತಾಗಿತು. ಇವರು ಗೋಡೆ ಮೇಲೆ ಅಂಗೈ ಇಟ್ಟರು, ಬೆನ್ನನ್ನು ಅದಕ್ಕೆ ಒತ್ತಿದರು. ನಾನು ಹೊದಿಕೆ ತಂದು, ಅವರಿಗೆ ಕಾಣೋ ಹಾಗೆ ಮುಂದಿನಿಂದ ಹೋಗಿ ಹೊದಿಸಿದೆ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಈಗ ಒಂದೇ ಕಡೆಯಿಂದ ಬಗ್ಗಿ ಎಣ್ಣೆ ಉಜ್ಜಬೇಕು. ನನ್ನ ಬೆನ್ನು ಬಿದ್ದು ಹೋಗುತ್ತೆ.