ಚಾಪು ಆರುವ ಮೊದಲು

ಹೇಳಬೇಕಾದ ಮಾತು ಒಂದೇ ಇತ್ತು. ಬೆಳಗಿನಿಂದ ಹಂಪಮ್ಮ ಅದನ್ನು ಒಲೆಗೆ ಹೇಳಿ ನೋಡಿದ್ದಳು, ನೀರಿನ ಹಂಡೆಗೆ ಹೇಳಿದ್ದಳು, ಬರುವ ದಾರಿಯಲ್ಲಿ ಜಟಕಾದ ಕುದುರೆಯ ಬೆನ್ನಿಗೂ ಮನಸ್ಸಿನಲ್ಲೇ ಹೇಳಿದ್ದಳು: ನಾನು ದೇವದುರ್ಗಕ್ಕ ಬರಾಂಗಿಲ್ಲ. ಕುದುರೆ ಕಿವಿ ಒದರಿತ್ತು. ಗಂಡನ ಕಿವಿಗೆ ಮಾತ್ರ ಅದಿನ್ನೂ ಬಿದ್ದಿರಲಿಲ್ಲ.

ಗಂಡ ಹುಲಿಗೆಪ್ಪ ರಾಯಚೂರು ಸ್ಟೇಶನ್ನಿನ ಇಂಗ್ಲಿಷ್ ಊಟದ ಕೋಣೆಯಲ್ಲಿ, ಶೇರವಾನಿಯ ಗುಂಡಿಗಳನ್ನು ಗಂಟಲವರೆಗೂ ಹಾಕಿಕೊಂಡು, ರೂಮಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವಳೆದುರು ಕೂತಿದ್ದ. ತಾಲೂಕದಾರರ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದವನಿಗೆ ಈಗ ದೇವದುರ್ಗದ ಗಿರ್ದಾವರನಾಗಿ, ಹಳ್ಳಿಹಳ್ಳಿ ತಿರುಗಿ ಕಂದಾಯದ ಲೆಕ್ಕ ನೋಡುವವನಾಗಿ, ಬಡ್ತಿ ಸಿಕ್ಕಿತ್ತು. ಮದರಾಸು ಮೇಲ್ ರೈಲಿನಲ್ಲಿ ಹೋಗುವ ದೊರೆಗಳು, ಯುದ್ಧಕ್ಕೆ ಹೊರಟ ಮಿಲಿಟರಿ ಸಾಹೇಬರು ಉಣ್ಣುವ ಆ ಕೋಣೆಯನ್ನು ಅವನು ಪ್ಲಾಟ್‌ಫಾರ್ಮಿನಿಂದ ಇಣುಕಿ ನೋಡಿದ್ದೇ ನೋಡಿದ್ದು. ಅಲ್ಲಿನ ಒಂದು ಹೊತ್ತಿನ ಊಟದ ದರ ಕೇಳಿದರೆ ಹಸಿವೆಯೇ ಓಡಿಹೋಗುವಂತಿತ್ತು. ಆದರೂ ಬಡ್ತಿ ಬಂದ ದಿನ ಇಬ್ಬರೇ ಇಲ್ಲಿ ಉಣ್ಣಬೇಕೆಂದು ಮದುವೆಯಾದ ಹೊಸದರಲ್ಲೇ ಅವನು ಹೇಳಿಬಿಟ್ಟಿದ್ದ.

ಹಂಪಮ್ಮನಿಗೂ ಒಂದು ಕರೆ ಬಂದಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವವರು ಬಿಟ್ಟುಹೋಗುತ್ತಿದ್ದರು. ಮಿಡ್ಲ್ ಪರೀಕ್ಷೆ ಪಾಸಾದ ಅವಳನ್ನು ಅಲ್ಲಿನ ಮುಖ್ಯೋಪಾಧ್ಯಾಯಿನಿ, ದೊಡ್ಡ ಉಸ್ತಾನಿ ಶಹಜಾದಿ ಬೇಗಂ ಕರೆಸಿ, ಬರುವುದಾದರೆ ನಾಳೆ ಬೆಳಿಗ್ಗೆಯೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದರು. ದೇವದುರ್ಗದ ಬಸ್ಸು ಹೊರಡುವುದೂ ನಾಳೆಯೇ. ಮನೆಯಲ್ಲಿ ಹೇಳೋಣವೆಂದರೆ ಸಾಮಾನು ಕಟ್ಟಲು ಬಂದ ಅತ್ತೆ ಇದ್ದರು. ಅತ್ತೆಯ ಮುಂದೆ ಸೊಸೆ ಗಂಡನ ಜೊತೆ ಬಾಯಿಬಿಟ್ಟು ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಹೇಳುವುದಿದ್ದರೆ ಈ ಮೇಜಿನ ಮುಂದೆ, ಈ ಊಟ ಮುಗಿಯುವುದರೊಳಗೆ.

ಬಿಳಿ ರುಮಾಲಿನ ಬಟ್ಲರ್ ಬಂದೇನವಾಜ್ ಬಂದು ಬಾಗಿದ. "ಸಾಬ್, ಸ್ಟೇಕ್ ಅದ, ಮಟನ್ ಚಾಪ್ ಅದ."

"ಸ್ಟೇಕ್ ಅಂದ್ರ ಏನಪ?"

ಬಂದೇನವಾಜ್ ಹಂಪಮ್ಮನ ಹಣೆಯ ಕುಂಕುಮ ನೋಡಿ ದನಿ ಇಳಿಸಿದ. "ಅದು ನಿಮಗ ಬ್ಯಾಡ್ರಿ. ಚಾಪ್ ಕುರೀದು."

"ಹಂಗಾರ ಚಾಪೇ ತಾ. ಸರಕಾರದ ಛಾಪಾ ಹೆಂಗೂ ನಮ್ಮ ಮ್ಯಾಲ ಬಿದ್ದದ."

ಬಂದೇನವಾಜ್ ನಗಲಿಲ್ಲ. ನಗುವುದು ಆ ಕೋಣೆಯ ಕಾಯಿದೆಯಲ್ಲಿರಲಿಲ್ಲವೇನೋ.

ಸೂಪು ಬಂತು. "ಏನ್ರೀ, ನಾನೊಂದು ಮಾತು..." ಎಂದು ಹಂಪಮ್ಮ ಶುರುಮಾಡುವಷ್ಟರಲ್ಲಿ ಹುಲಿಗೆಪ್ಪ ಹುಲಿಗೆಪ್ಪನಾಗಿ ಉಳಿದಿರಲಿಲ್ಲ. ಕೆನ್ನೆ ಉಬ್ಬಿಸಿ, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡ ತಹಸೀಲ್ದಾರರಾಗಿದ್ದ. "ಹುಲಿಗೆಪ್ಪಾ, ತುಮ್‌ಕು ಗಿರ್ದಾವರ್ ಬನಾಯಾ. ಅಬ್ ಹಳ್ಳೀ ಹಳ್ಳೀ ಗಿರಗಿರ ಫಿರೋ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅದೇ ತೊಂದರೆ. ನಕ್ಕ ಮೇಲೆ ಹೇಳಬೇಕಾದದ್ದು ಗಂಟಲಿನಿಂದ ಮತ್ತೆ ಹೊಟ್ಟೆಗೆ ಇಳಿಯುತ್ತಿತ್ತು. ಅವನ ಅಣಕದಲ್ಲಿ ತಹಸೀಲ್ದಾರರು ಹೋಗುವಷ್ಟರಲ್ಲಿ ಪೇಶಕಾರರು ಬಂದರು, ಅವರ ಹಿಂದೆಯೇ ಮೂಗಿನಲ್ಲಿ ಮಾತಾಡುವ ಮಾನ್ವಿಯ ಪಟವಾರಿ. ಊಟಕ್ಕೆ ಬಂದವರು ಇಬ್ಬರೇ. ಮೇಜಿನ ಆ ಕಡೆ ಮಾತ್ರ ಕಚೇರಿಯೇ ನೆರೆದಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಸೂಪಿನ ಬಟ್ಟಲು ಹೋಯಿತು. ಊಟ ಅಷ್ಟು ಕರಗಿತು.

ಚಾಪು ಬಂತು. ಎಲುಬಿನ ತುದಿಗೆ ಕಾಗದದ ಕುಚ್ಚು, ಪಕ್ಕದಲ್ಲಿ ಆಲೂಗಡ್ಡೆ. ಹುಲಿಗೆಪ್ಪ ಒಂದು ತುಣುಕನ್ನು ಕಷ್ಟಪಟ್ಟು ಕೊಯ್ದು ಬಾಯಿಗಿಟ್ಟ. ಅವನ ಕಣ್ಣು ತಾನಾಗಿ ಮುಚ್ಚಿತು. ಅಷ್ಟರಲ್ಲಿ ತಹಸೀಲ್ದಾರರು ಪಟವಾರಿಗೆ ಬೈದದ್ದು ನೆನಪಾಯಿತು. ಬೈಗುಳಕ್ಕೆ ಎರಡೂ ಕೈ ಬೇಕು. ಚಾಕು, ಮುಳ್ಳುಚಮಚ ಎರಡನ್ನೂ ತಾಟಿನ ನಡುವೆ ಜೋಡಿಸಿ, ಅಳತೆಪಟ್ಟಿಯಂತೆ ನೆಟ್ಟಗೆ ಇಟ್ಟ. ಕತ್ತರಿ ಬಾಯಿ ತೆರೆದು ಬಿದ್ದಿದ್ದರೆ ಗಂಡಹೆಂಡಿರಿಗೆ ಜಗಳ ಹತ್ತುತ್ತದೆಂದು ನಂಬಿದ ಮನೆಯವನು. ಹರಿತವಾದದ್ದನ್ನು ಅಡ್ಡಡ್ಡ ಇಡುವುದು ಅವನ ಕೈಗೇ ಗೊತ್ತಿರಲಿಲ್ಲ.

ಬಂದೇನವಾಜ್ ಬೆಕ್ಕಿನಂತೆ ಬಂದು ತಾಟನ್ನೆತ್ತಿಕೊಂಡು ಹೋದ.

ಪಟವಾರಿಯನ್ನು ಬೈಯುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. "ಯಾಕ ಒಯ್ದ ಅವ?"

"ನನಗೇನು ಗೊತ್ತ್ರಿ. ಕರದು ಕೇಳ್ರಿ."

"ಎತ್ತಿದ ತಾಟು ವಾಪಸ್ ತಾ ಅಂತ ಗಿರ್ದಾವರ ಕೇಳ್ತಾನೇನು? ಸುಮ್ನಿರು." ಆದರೆ ಅವನ ಕಣ್ಣು ಸುಮ್ಮನಿರಲಿಲ್ಲ. ತಾಟು ಹೋದ ಬಾಗಿಲಿಗೆ ಹೋಗಿ, ಹೆಂಡತಿಯ ತಾಟಿಗೆ ಬಂದು ನಿಂತಿತು. ಅಲ್ಲಿ ಚಾಕು, ಮುಳ್ಳುಚಮಚ ಒಂದರ ಮೇಲೊಂದು ಬಿದ್ದಿದ್ದವು. ಚಡಪಡಿಕೆಯಲ್ಲಿ ಅವಳು ಹೇಗಿಟ್ಟಿದ್ದಳೋ ಅವಳಿಗೇ ಗೊತ್ತಿರಲಿಲ್ಲ. "ಏ ಹಂಪಿ, ಕತ್ತರಿ ಹಂಗ ಇಟ್ಟೀಯಲ್ಲ. ನೆಟ್ಟಗ ಮಾಡು, ಇಲ್ಲಂದ್ರ ಜಗಳಾಗ್ತದ."

ಅವಳು ಕೈ ಹಾಕಿ ಎರಡನ್ನೂ ಜೋಡಿಸಿದಳು. ಗೋಡೆಗೆ ನಿಂತಿದ್ದ ಬಂದೇನವಾಜ್ ಮುಂದಕ್ಕೆ ಹೆಜ್ಜೆ ಇಟ್ಟ. ಅವಳು ಗಾಬರಿಯಿಂದ ಮತ್ತೆ ಅಡ್ಡ ಹಾಕಿದಳು. ಅವನು ಹಿಂದೆ ಸರಿದ.

ಗುಟ್ಟು ತಿಳಿಯಿತು. ನೆಟ್ಟಗಿಟ್ಟರೆ ಉಂಡಾಯಿತೆಂದು ಇಲ್ಲಿ ಲೆಕ್ಕ. ತಾಟು ಹೋಗುತ್ತದೆ, ತಾಟಿನ ಹಿಂದೆ ಊಟ ಹೋಗುತ್ತದೆ, ಊಟದ ಹಿಂದೆ ಶಾಲೆ. ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಆಗ್ಲಿ ಬಿಡ್ರಿ," ಎಂದಳು.

"ಏನು?"

"ಜಗಳ. ನಾನು ದೇವದುರ್ಗಕ್ಕ ಬರಾಂಗಿಲ್ಲ."

ಹಂಡೆಗೆ, ಒಲೆಗೆ ಹೇಳಿದಷ್ಟು ಸಲೀಸಾಗಿ ಹೊರಬಂತು. ಆಮೇಲೆ ಶಹಜಾದಿ ಬೇಗಂ ಕರೆದದ್ದು, ನಾಳೆ ಬೆಳಿಗ್ಗೆಯ ಗಡುವು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ನೀರು ಕುಡಿದಳು.

ಹುಲಿಗೆಪ್ಪ ಸುತ್ತ ನೋಡಿದ. ಪಕ್ಕದ ಮೇಜಿನಲ್ಲಿ ಮಿಲಿಟರಿ ಸಾಹೇಬನೊಬ್ಬ ಪತ್ರಿಕೆ ಓದುತ್ತಿದ್ದ. ಕೂಗುವ ಜಾಗವಲ್ಲ. "ಇದನ್ನ ಹೇಳಾಕ ಇವತ್ತ ಬೇಕಾಗಿತ್ತೇನು?"

"ನಾಳಿ ಬಸ್ಸಿನ್ಯಾಗ ಹೇಳ್ಲೇನು?"

"ಮಂದಿ ಏನಂತಾರ? ನೌಕರಿ ಬಂತು, ಹೇಣ್ತಿ ಹೋದಳು ಅಂತಾರ."

"ಹೋಗಾವ್ರು ನೀವು. ನಾ ಇದ್ದಲ್ಲೇ ಇರ್ತೀನಿ. ನೀವು ಇವತ್ತು ಮಸರಕಲ್, ನಾಳಿ ಇನ್ನೊಂದು ಊರು ಅಂತ ತಿರಗಾವ್ರು. ಅಲ್ಲಿ ಬಂದು ನಾ ಯಾರ ದಾರಿ ಕಾಯ್ಲಿ?"

ಹುಲಿಗೆಪ್ಪ ಬೆನ್ನು ಬಗ್ಗಿಸಿ, ಕೆಳತುಟಿ ಮುಂದೆ ಮಾಡಿ ದನಿ ನಡುಗಿಸಿದ. ಥೇಟ್ ಅತ್ತೆ. "ಯವ್ವಾ, ಗಂಡನ್ನ ಬಿಟ್ಟು ಪಾಟಿ ಬಳಪ ಹಿಡೀತಾಳಂತ ನೋಡ್ರಬೇ..."

ಈ ಸಲ ಹಂಪಮ್ಮನಿಗೆ ನಗು ಬರಲಿಲ್ಲ. "ಅತ್ತಿ ಮನ್ಯಾಗ ಅದಾರ. ಅವ್ರಿಗೆ ಆಮ್ಯಾಲ ಹೇಳ್ತೀನಿ. ನಿಮ್ಮ ದನೀಲೆ ಹೇಳ್ರಿ."

ಅವನು ಬಾಯಿ ತೆರೆದ. ತಹಸೀಲ್ದಾರರು ಬರಲಿಲ್ಲ, ಪಟವಾರಿ ಬರಲಿಲ್ಲ. ಯಾರೂ ಬಾರದೆ ಅವನು ಮೇಜಿನ ಬಟ್ಟೆಯ ನೆರಿಗೆಯನ್ನು ಉಗುರಿನಿಂದ ತೀಡುತ್ತ ಕೂತ. ತಪ್ಪಾಯಿತು, ಬರ್ತೀನಿ ನಡೀರಿ ಎನ್ನುವ ಮಾತು ಹಂಪಮ್ಮನ ನಾಲಿಗೆಯವರೆಗೆ ಬಂತು. ಅವಳು ಹಲ್ಲು ಕಚ್ಚಿದಳು.

"ನನಗ ಒಬ್ಬನ ಇರಾಕ ಬ್ಯಾಸರಾಗ್ತದ," ಎಂದ ಹುಲಿಗೆಪ್ಪ. ಸಣ್ಣ ದನಿ, ಸ್ವಲ್ಪ ಒಡಕು. "ಕಚೇರ್ಯಾಗ ಮಂದಿ ನಗ್ತಾರ. ಮನ್ಯಾಗ ನೀ ನಗದಿದ್ರ..."

"ನನಗೂ ಆಗ್ತದ," ಎಂದಳು. "ಆದ್ರೂ ಬರಾಂಗಿಲ್ಲ."

ತನ್ನ ತಾಟನ್ನು ಮೇಜಿನ ನಡುವಿಗೆ ತಳ್ಳಿದಳು. ಹುಲಿಗೆಪ್ಪ ಮಿಲಿಟರಿಯವನನ್ನೊಮ್ಮೆ ನೋಡಿ, ಚಾಕು ಮುಟ್ಟದೆ, ಚಾಪಿನ ಎಲುಬನ್ನೇ ಕೈಯಲ್ಲಿ ಹಿಡಿದುಕೊಂಡ. ಕಚ್ಚಿ, ಅಗಿದು, ನುಂಗಿ, ತಟ್ಟೆ ನೋಡುತ್ತಲೇ ಕೇಳಿದ. "ಶನಿವಾರ ಬಸ್ಸಿಗೆ ಬಂದ್ರ?"

"ಬಿಸಿ ರೊಟ್ಟಿ ಮಾಡಿರ್ತೀನಿ."

"ಅವ್ವಗ ಯಾರು ಹೇಳಾವ್ರು?"

"ನೀವು."

ಅವನು ಎಲುಬು ಚೀಪುವುದನ್ನು ನಿಲ್ಲಿಸಿದ. ಅವನ ಹುಬ್ಬು ಮೇಲೇರುವುದನ್ನೂ ಬೆನ್ನು ಮೆಲ್ಲಗೆ ಬಗ್ಗತೊಡಗಿದ್ದನ್ನೂ ಹಂಪಮ್ಮ ಕಂಡಳು. ಮನೆ ಮುಟ್ಟುವಷ್ಟರಲ್ಲಿ ಇವನು ಪೂರಾ ಅತ್ತೆಯೇ ಆಗಿರುತ್ತಾನೆ. ಅವಳು ಕುರ್ಚಿ ಸರಿಸಿ ಎದ್ದೇಬಿಟ್ಟಳು.

"ಎಲ್ಲಿಗೆ? ಇನ್ನ ಪುಡಿಂಗ್ ಬರಾದದ."

"ಉಸ್ತಾನಿ ಮನಿ ಸ್ಟೇಶನ್ ಹಿಂದ ಅದ. ಈಗ ಹೋಗಿ ಹೇಳಿ ಬರೂಣು."

"ನಾಳಿ ಮುಂಜಾನಿ ಅಂದಾರಲ್ಲ?"

"ಮುಂಜಾನಿಗೆ ನೀವು ಯಾರಾಗಿರ್ತೀರೋ ಏನೋ."

ಅವಳು ಬಾಗಿಲಿಗೆ ಹೋಗಿಯಾಗಿತ್ತು. ಹುಲಿಗೆಪ್ಪ ಟೋಪಿ ತಲೆಗಿಟ್ಟು, ಮೀಸೆಯ ಜಿಡ್ಡನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ, ಪುಡಿಂಗ್ ಹಿಡಿದು ಬರುತ್ತಿದ್ದ ಬಂದೇನವಾಜನ ಕೈಗೆ ನೋಟು ತುರುಕಿ, ಬಟ್ಟಲನ್ನು ಒಮ್ಮೆ ಆಸೆಯಿಂದ ನೋಡಿ, ಹೆಂಡತಿಯ ಹಿಂದೆ ಓಡಿದ.