ಕೆರೆಯ ದಂಡೆಯ ಹಗ್ಗ

ಭರಮಪ್ಪ ಬಿಳಿ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಕಾಲಿಟ್ಟದ್ದೇ ತಡ, ಕಸ್ತೂರೆವ್ವ ಅಳುವುದನ್ನು ನಿಲ್ಲಿಸಿದಳು.

"ಎಲ್ಲಿಂದ ತಂದಿ ಅದನ್ನ?"

"ಕೆರಿ ದಂಡಿಯಿಂದ್ರಿ, ಚಿಗವ್ವ. ಕಾಕಾನ ವಿಮಾನ ಕಟ್ಟಾಕ."

ತೀರಿಕೊಂಡ ಅವಳ ಗಂಡ ಮಡಿವಾಳೆಪ್ಪ ಹಣೆತುಂಬ ವಿಭೂತಿ ಹಚ್ಚಿಸಿಕೊಂಡು, ಹೂಮಾಲೆ ಹಾಕಿಸಿಕೊಂಡು, ಗೋಡೆಗೆ ಒರಗಿ ಕುಳಿತಿದ್ದ. ಅವನನ್ನು ಹಾಗೆಯೇ ಕೂರಿಸಿ ಮಣ್ಣಿಗೆ ಒಯ್ಯಲು ಬಿದಿರಿನ ವಿಮಾನ ಸಿದ್ಧವಾಗುತ್ತಿತ್ತು. ಹರೆಯದಲ್ಲೇ ಅಳ್ನಾವರದ ಕಡೆಯ ರೈಲು ಹತ್ತಿ ಗೋವೆಗೆ ಹೋಗಿ ಹಡಗಿನ ಖಲಾಸಿಯಾದವನು, ಸಾವಿರದ ಒಂಬೈನೂರ ಎಂಬತ್ತರ ಸುಮಾರಿಗೆ ಊರಿಗೆ ಮರಳಿದ್ದ. ಬರುವಾಗ ಹಡಗಿನ ಕೆಂಪು-ಬಿಳಿ ತೇಲುಬಳೆಯೊಂದನ್ನು ತಂದು, ಉದ್ದನೆಯ ಹಗ್ಗ ಕಟ್ಟಿ, ಕೆರೆಯ ಬೇವಿನ ಮರಕ್ಕೆ ತೂಗುಹಾಕಿದ. ನೀರು ತರಲು ಹೋದವರು ಕಾಲು ಜಾರಿದರೆ ಎಸೆದು ಎಳೆದುಕೊಳ್ಳಲಿ ಎಂದು. ಸುತ್ತ ಕಪ್ಪು ಎರೆಹೊಲದ ಹೊರತು ಏನೂ ಕಾಣದ ಊರಿಗೆ ನಗಲು ಇನ್ನೇನು ಬೇಕು? ಅದಕ್ಕೆ ಆನೆಬಳೆ ಎಂದು ಹೆಸರಿಟ್ಟರು. ಈವರೆಗೆ ಅದು ಎಳೆದದ್ದು ಒಂದು ಕರುವನ್ನು ಮಾತ್ರ.

"ಬ್ಯಾರೆ ಹಗ್ಗ ನೋಡ್ರಿ," ಎಂದಳು.

ಮೈದುನ ಕುಬೇರಪ್ಪನ ಮುಖ ಕೆಂಪಾಯಿತು. "ವೈನಿ, ಊರಾಗಿರೂವೆಲ್ಲಾ ಎತ್ತಿನ ಹಗ್ಗ. ಸಮುದ್ರ ಕಂಡ ಮನಿಷ್ಯಾನ್ನ ಎತ್ತಿನ ಹಗ್ಗದಾಗ ಒಯ್ಯೂಣೇನ್ರಿ? ಅಣ್ಣನ ಹಗ್ಗ ಅಣ್ಣಗ ಇರಲಿ."

"ಕುಣಿಗೆ ಹೋದ ಹಗ್ಗ ಹೊಳ್ಳಿ ಬರತೈತೇನು?"

"ಅದ್ಹೆಂಗ ಬರತೈತ್ರಿ? ಗುಡಗೇರಿ ಸಂತ್ಯಾಗ ಹೊಸಾದು ತರೂಣು."

"ಸಂತಿ ತನಕಾ ಕೆರ್ಯಾಗ ಬಿದ್ದಾವ್ರು ಮುಳುಗದ ಕಾಯ್ತಾರೇನು?"

"ನನ್ನ ಮಗಳ ಮದಿವ್ಯಾಗ ಅಣ್ಣ ಕೊಡಲಿಲ್ಲ. ಈಗ ಅಣ್ಣಗ ನೀವು ಕೊಡವಲ್ರಿ!"

"ಸತ್ತ ಗಂಡಗ ಒಂದು ಹಗ್ಗ ಕೊಡಾಕ ಮನಸಿಲ್ಲ ನೋಡು," ಎಂದು ಹಿಂದಿನಿಂದ ಮುದುಕಿ ರೇವವ್ವ ಎಲ್ಲರಿಗೂ ಕೇಳುವಂತೆಯೇ ಗೊಣಗಿದಳು. ಆ ಮಾತು ಕಸ್ತೂರೆವ್ವನ ಎದೆಗೆ ನಾಟಿತು.

*

ಆ ಮದುವೆಯ ದಿನ ಗಾಳಿಗೆ ಚಪ್ಪರ ಸಡಿಲವಾಗಿ, ಎಲ್ಲರೂ ಆ ಹಗ್ಗವನ್ನೇ ಬೇಡಿದ್ದರು. ಮಡಿವಾಳೆಪ್ಪ ಜಗ್ಗಲಿಲ್ಲ. ಸಿಟ್ಟಿಗೆದ್ದ ಹೆಂಡತಿಯನ್ನು ಹಿತ್ತಲಿಗೆ ಕರೆದು, ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಹೇಳಿದ್ದ.

"ನಮ್ಮ ಜೋಡಿ ಬಾಬಾಸಾಬ ಅಂತ ಒಬ್ಬಾವ ಇದ್ದ. ಹಡಗದಿಂದ ಸಮುದ್ರಕ್ಕ ಬಿದ್ದ. ಬಳಿ ಒಗದ್ವಿ. ಅವನ ಕೈಗೆ ಸಿಕ್ತು, ಕಸ್ತೂರಿ. ಎಳಿಯಾಕ ಹಗ್ಗ ಇರಲಿಲ್ಲ. ಅರಿವಿ ಒಣಹಾಕಾಕ ಯಾರೋ ಬಿಚ್ಕೊಂಡು ಹೋಗಿದ್ರು. ಬಳಿ ಹಿಡಕೊಂಡಾವನ್ನ ತೆರಿ ದೂರ ದೂರ ಒಯ್ದುವು. ನಾವು ನೋಡ್ಕೋತ ನಿಂತ್ವಿ."

"ಹಗ್ಗ ಒಯ್ದಾವ ಎಂಥಾ ಪಾಪಿ!"

"ಪಾಪಿ ಅಲ್ಲ. ಆಮ್ಯಾಲೆ ಹೊಳ್ಳಿ ಕಟ್ಟಿದ್ರಾತು ಅಂದ್ಕೊಂಡಿದ್ದ, ಅಷ್ಟ."

ಕಸ್ತೂರೆವ್ವ ತನ್ನ ಹಳೆಯ ಸೀರೆ ಸೀಳಿ ಚಪ್ಪರ ಕಟ್ಟಲು ಕೊಟ್ಟಿದ್ದಳು.

*

ಈಗ ಅವಳು ಎದ್ದು ಒಳಗೆ ಹೋದಳು. ತಾನು ಮಲಗುವ ಹೊರಸನ್ನು ದರದರ ಎಳೆದು ತಂದು ಅಂಗಳದಲ್ಲಿ ಕೆಡವಿದಳು. ಹಡಗಿನಿಂದ ತಂದಿದ್ದ ಇನ್ನೊಂದು ಹಗ್ಗದಲ್ಲಿ ಗಂಡ ಕೂತು ಹೆಣೆದುಕೊಟ್ಟ ಹೊರಸು ಅದು.

"ಇದನ್ನ ಬಿಚ್ರಿ. ಇದೂ ಸಮುದ್ರ ಕಂಡ ಹಗ್ಗನ."

ಕುಬೇರಪ್ಪ ತಬ್ಬಿಬ್ಬಾದ. "ಮತ್ತ ನೀವೆಲ್ಲಿ ಮಲಗ್ತೀರಿ, ವೈನಿ?"

"ನೆಲ ಎಲ್ಲಿಗೆ ಹೋಗೇತಿ?" ಎಂದವಳು ಭರಮಪ್ಪನ ಕಡೆ ತಿರುಗಿದಳು. "ಮೊದಲ ಅದನ್ನ ಬಳಿಗೆ ಕಟ್ಟಿ ಬಾ. ಆಮ್ಯಾಲೆ ಇವರನ್ನ ಎತ್ತೂಣು."

ಭರಮಪ್ಪ ಓಡಿದ. ಭಜನೆಯವರು ತಾಳ ನಿಲ್ಲಿಸಿದರು. ಅವನು ಕಟ್ಟಿ ಬರುವವರೆಗೆ ಇಡೀ ಊರು ಅಂಗಳದಲ್ಲಿ ಕಾಯಿತು.

ಮಣ್ಣು ಕೊಟ್ಟು ಮರಳುವಾಗ ಎಲ್ಲರೂ ಕೈಕಾಲು ತೊಳೆಯಲು ಕೆರೆಗೆ ಇಳಿದರು. ಅಂದು ಸೋಮವಾರ. ಪ್ರತಿ ಸೋಮವಾರ ಮಡಿವಾಳೆಪ್ಪ ಬಳೆಯನ್ನು ಕೆರೆಗೆಸೆದು, ಎಳೆದು, ಹಗ್ಗ ಗಟ್ಟಿಯಿದೆಯೇ ಎಂದು ನೋಡುತ್ತಿದ್ದ. ಕಸ್ತೂರೆವ್ವ ಯಾರನ್ನೂ ಕೇಳಲಿಲ್ಲ. ಸೆರಗು ಸಿಕ್ಕಿಸಿ, ಬೇವಿನ ಮರದಿಂದ ಬಳೆ ಇಳಿಸಿ, ಎರಡೂ ಕೈಯಿಂದ ಬೀಸಿ ಎಸೆದಳು. ಕೊಡ ಹಿಡಿದ ಹೆಂಗಸರು ಮೆಟ್ಟಿಲ ಮೇಲೆ ನಿಂತು ನೋಡಿದರು.

ಎಳೆಯತೊಡಗಿದಳು. ಬೆಳಗಿನಿಂದ ಅತ್ತು ದಣಿದವಳ ರಟ್ಟೆ ನಡುವೆಯೇ ಸೋತಿತು. ಹಿಂದಿನಿಂದ ಕುಬೇರಪ್ಪ ಬಂದು ಹಗ್ಗಕ್ಕೆ ಕೈ ಹಾಕಿದ. ಇಬ್ಬರೂ ಸೇರಿ ಎಳೆದಂತೆ ಬಳೆ ನೀರು ಸೀಳುತ್ತ ದಂಡೆಗೆ ಬಂತು. ಅವನು ಹಗ್ಗವನ್ನು ಗಡಿಬಿಡಿಯಲ್ಲಿ ಸುತ್ತಿ ಕೊಂಬೆಗೆ ಹಾಕಹೋದ.

"ಹಂಗ ಸುತ್ತಿದ್ರ ಒಗಿಯುವಾಗ ಗಂಟು ಬೀಳತೈತಿ," ಎಂದಳು. "ಬಿಚ್ಚು."

ಕುಬೇರಪ್ಪ ರುಮಾಲು ತೆಗೆದು ಮೆಟ್ಟಿಲ ಮೇಲಿಟ್ಟ. ಹಗ್ಗವನ್ನೆಲ್ಲ ಬಿಚ್ಚಿ, ಮೊದಲಿನಿಂದ ಸುತ್ತತೊಡಗಿದ.